ಪ್ರಶ್ನೆಚಿಹ್ನೆ ಅಳಿಸದ ಶಿವರಂಜಿನಿ

ಮಗಳು ಬಿಂದು ಅಂಬೆಗಾಲಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಹರಿಯಲು ಶುರು ಮಾಡಿದ ಮೇಲೆ ಶಿವರಂಜಿನಿ ಡೈರಿ ಬರೆಯುವ ಜಾಗವನ್ನೇ ಬದಲಾಯಿಸಬೇಕಾಯಿತು. ಹೈಸ್ಕೂಲಿನಿಂದ ಬಿಡದೆ ಬಂದ ಅಭ್ಯಾಸ ಅದು. ಮಗು ಒಂದು ಡೈರಿಯನ್ನು ರಾಗಿ ಸರಿಯಲ್ಲಿ ಅದ್ದಿತು. ಇನ್ನೊಂದರ ಹಾಳೆ ಕಿತ್ತು ಕಿತ್ತು ಬಾಲ್ಕನಿಯಿಂದ ಚಾಮರಾಜಪೇಟೆಗೆಲ್ಲ ಹಂಚಿತು. ಕೆಳಗಿನ ಮನೆಯಾಕೆ ಎರಡು ಹಾಳೆ ತಂದುಕೊಟ್ಟು, "ನಾವೇನೂ ಓದಿಲ್ಲಮ್ಮ" ಅಂದಾಗಲೇ ಪೂರ್ತಿ ಓದಿದ್ದಾರೆ ಅಂತ ಗೊತ್ತಾಗಿ ಹೋಯಿತು.

ಅವತ್ತಿನಿಂದ ಅವಳು ಡೈರಿಯನ್ನು ಲ್ಯಾಪ್‌ಟಾಪಿನೊಳಗೆ, ಯಾರೂ ಕೈಹಾಕದ ಕಡೆ ಬಚ್ಚಿಟ್ಟಳು. ತನ್ನ ಪಿಎಚ್‌ಡಿ ಥೀಸಿಸ್‌ನ ಆಕರಗಳ ಫೈಲಿನಲ್ಲಿ.

ಶಿವರಂಜಿನಿ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಪಾಠ ಹೇಳುತ್ತಾಳೆ. ಆ ವಿಷಯದವರು ಸೂತ್ರಗಳಿರುವ ಬರಹವನ್ನೆಲ್ಲ ಲೇಟೆಕ್ ಎಂಬ ಸಾಫ್ಟ್‌ವೇರಿನಲ್ಲೇ ಬರೆಯುವುದು. ಅದರಲ್ಲಿ ಥೀಸಿಸ್ ಒಂದು ಫೈಲು, ಓದಿದ ಪುಸ್ತಕ, ಲೇಖನಗಳ ವಿವರ ಇನ್ನೊಂದು ಫೈಲು. ಓದಿದ್ದಕ್ಕೆಲ್ಲ ಅಲ್ಲಿ ಒಂದೊಂದು ಖಾನೆ: ಬರೆದವರು ಯಾರು, ಯಾವ ವರ್ಷ, ಯಾವ ಪುಟ. ಪ್ರತಿ ಖಾನೆಗೂ ಒಂದು ಅಡ್ಡಹೆಸರು. ಥೀಸಿಸ್ ಬರೆಯುವಾಗ ಬೇಕಾದಲ್ಲಿ ಆ ಅಡ್ಡಹೆಸರು ಹಾಕಿ ಕಂಪೈಲ್ ಮಾಡಿದರೆ ಸಾಕು, ಅಲ್ಲಿ ನಂಬರ್ ಬೀಳುತ್ತದೆ, ಕೊನೆಯ ಪಟ್ಟಿ ತಾನಾಗಿ ಅಕಾರಾದಿಯಲ್ಲಿ ಕೂತುಕೊಳ್ಳುತ್ತದೆ. ಖಾನೆಯೊಳಗೆ ಒಂದು ಮೂಲೆ ಟಿಪ್ಪಣಿಗೆ ಅಂತ ಇದೆ. ಅಲ್ಲಿ ಬರೆದದ್ದು ಬರೆದವರಿಗಷ್ಟೆ, ಅಚ್ಚಿಗೆ ಹೋಗುವುದಿಲ್ಲ. ಆ ಮೂಲೆಗೆ ಅವಳ ಸಂಸಾರವೆಲ್ಲ ಬಂದು ಸೇರಿತು. ಕೀಬೋರ್ಡ್ ಬದಲಿಸುವ ತಾಳ್ಮೆ ಇಲ್ಲದೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದಳು.

"ಮಕ್ಕಳ ಕೂಟದ ಬೆಂಚಿನ ಮೇಲೆ ಓದಿದ್ದು. ಬಿಂದು ಜಾರುಬಂಡೆ ಬಿಟ್ಟು ಬರಲ್ಲ ಅಂತ ಹಠ. ಇವರ ಮೂರನೇ ಸೂತ್ರ ತಲೆಗೆ ಇಳೀಲಿಲ್ಲ, ಬಿಂದುನೂ ಇಳೀಲಿಲ್ಲ."

"ದೋಸೆ ಹಿಟ್ಟು ಹುಳಿ ಬಂದಿದೆ. ಈ ಲೇಖನದ ಸಾಧನೆಯೂ ಅಷ್ಟೇ, ಸ್ವಲ್ಪ ಹಳೇದು."

"ಇವತ್ತು ಬಿಂದು ಅಮ್ಮ ಅನ್ನೋ ಮುಂಚೆ ಅಜ್ಜಿ ಅಂದ್ಲು. ಹೊಟ್ಟೆ ಉರೀತು. ಪುಟ ನಲವತ್ತು ಮತ್ತೆ ಓದ್ಬೇಕು."

ಎಲ್ಲಿ ಓದಿದೆ, ಅವತ್ತು ಮನೆಯಲ್ಲಿ ಏನಾಯಿತು, ಓದಿದ್ದರಿಂದ ತಾನೇನು ತೆಗೆದುಕೊಂಡೆ, ಮೂರನ್ನೂ ಬರೆಯದೆ ಅವಳು ಒಂದು ಖಾನೆಯನ್ನೂ ಮುಚ್ಚುತ್ತಿರಲಿಲ್ಲ. ಎಲ್ಲಿಂದ ತಂದೆ ಅಂತ ಹೇಳದೆ ಏನನ್ನೂ ತರಬಾರದು ಅನ್ನುವುದು ಅವಳಿಗೆ ಯಾವ ಗೈಡೂ ಕಲಿಸಿದ್ದಲ್ಲ, ಅಪ್ಪನ ಅಂಗಡಿಯಲ್ಲಿ ಅಂಟಿದ್ದು. ಅಪ್ಪ ವೀರಭದ್ರಯ್ಯನವರಿಗೆ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ವ್ಯಾಪಾರ. ಅಂಗಡಿ ಅನ್ನುವುದಕ್ಕಿಂತ ಎರಡು ಕಟ್ಟಡದ ನಡುವಿನ ಸಂದಿ ಅನ್ನಬೇಕು. ಹಳೇ ಟೆಕ್ಸ್ಟ್‌ಬುಕ್ಕಿನ ಮೊದಲ ಪುಟದಲ್ಲಿ ಮೊದಲು ಓದಿದ ಹುಡುಗನ ಹೆಸರು, ಸೆಕ್ಷನ್ನು, ಕೆಲವೊಮ್ಮೆ ಒಂದು ಹೃದಯದ ಚಿತ್ರವೂ ಇರುತ್ತಿತ್ತು. ಅಕ್ಕಪಕ್ಕದವರು ಅದನ್ನು ಬ್ಲೇಡಿನಲ್ಲಿ ಕೆರೆದು, ಹೊಸದರ ಹಾಗೆ ಮಾಡಿ ಮಾರುತ್ತಿದ್ದರು. ವೀರಭದ್ರಯ್ಯ ಬ್ಲೇಡು ಮುಟ್ಟುತ್ತಿರಲಿಲ್ಲ. ಹೆಸರು ಕೆರೆದುಕೊಡಿ ಅಂತ ಗಿರಾಕಿ ಕೇಳಿದರೆ, "ಓದಿರೋನ ಹೆಸರು ಸ್ವಾಮಿ ಅದು. ಅಲ್ಲಿದ್ರೆ ನಿಮ್ಮನ್ನೇನು ಕಚ್ಚುತ್ತಾ?" ಅನ್ನುತ್ತಿದ್ದರು. ಗಿರಾಕಿ ಪಕ್ಕದಂಗಡಿಗೆ ಹೋದರೆ ಹೋಗಲಿ. ಸ್ಕೂಲು ಬಿಟ್ಟು ಬಂದ ಹುಡುಗಿ ಪುಸ್ತಕದ ಕಟ್ಟಿನ ಮೇಲೆ ಕೂತು ಆ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು.

ಅವಳ ಥೀಸಿಸ್ ವಿಷಯ ಕ್ಯೂ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುವ ಜನ ಎಷ್ಟು ಹೊತ್ತು ಕಾಯುತ್ತಾರೆ, ಬೇಸತ್ತು ಯಾವಾಗ ಕ್ಯೂ ಬಿಟ್ಟು ಹೋಗುತ್ತಾರೆ, ಎಷ್ಟು ಬಸ್ಸು ಬಿಟ್ಟರೆ ಸಾಲು ಕರಗುತ್ತದೆ ಎಂಬ ಲೆಕ್ಕ. "ಇದಕ್ಕೆ ಡಾಕ್ಟರ್ ಪದವಿ ಬೇರೆ ಕೊಡ್ತಾರಾ? ನನ್ನ ಕೇಳಿದ್ರೆ ಬಸ್ ಸ್ಟಾಪಲ್ಲೇ ಹೇಳ್ತಿದ್ದೆ" ಅಂತ ಅತ್ತೆ ಮಹಾನಂದ ಮೊದಲ ದಿನವೇ ನಕ್ಕಿದ್ದರು. ನಕ್ಕರೂ, ಸೊಸೆ ಓದಲು ಕೂತರೆ ಮೊಮ್ಮಗಳನ್ನು ಕಂಕುಳಿಗೆ ಹಾಕಿಕೊಂಡು ಹೊರಗೆ ಹೋಗುವವರು ಅವರೇ. ಗಂಡ ಶರಣ್‌ಗೆ ಎಸ್.ಪಿ. ರಸ್ತೆಯಲ್ಲಿ ಸ್ವಿಚ್ಚು ವೈರಿನ ಅಂಗಡಿ. ಅವನು ಮನೆಗೆ ಬರುವ ಹೊತ್ತಿಗೆ ಅತ್ತೆ ಸೊಸೆಯ ಜಗಳಗಳೆಲ್ಲ ಮುಗಿದು ಒಪ್ಪಂದಕ್ಕೆ ಬಂದಿರುತ್ತಿದ್ದವು.

ಥೀಸಿಸ್‌ನಲ್ಲಿ ಎರಡು ವರ್ಷ ಅವಳಿಗೆ ಒಂದು ಕಡೆ ಲೆಕ್ಕ ಕೂಡಿಬರಲಿಲ್ಲ. ಅವಳು ಓದಿದ ಲೇಖನಗಳೆಲ್ಲ ಕ್ಯೂ ಬಿಟ್ಟು ಹೋದವರನ್ನು ಲೆಕ್ಕದಿಂದಲೇ ಕೈಬಿಡುತ್ತಿದ್ದವು. ಹೋದವರು ಹೋದರು, ಅಷ್ಟೆ. ಹಾಗೆ ಮಾಡಿದರೆ ಕಾಗದದ ಮೇಲೆ ಸಾಲು ಕರಗುತ್ತಿತ್ತು, ಮೆಜೆಸ್ಟಿಕ್ಕಿನಲ್ಲಿ ಕರಗುತ್ತಿರಲಿಲ್ಲ. ಆಗ ಒಂದು ದಿನ ಯೂನಿವರ್ಸಿಟಿಯ ವಿಭಾಗದ ಲೈಬ್ರರಿಯಲ್ಲಿ, ಹಳೇ ಎಂಎಸ್ಸಿ ಪ್ರಾಜೆಕ್ಟ್‌ಗಳ ಕಪಾಟಿನಲ್ಲಿ, ನೀಲಿ ರಟ್ಟಿನ ಒಂದು ತೆಳು ಪ್ರಬಂಧ ಸಿಕ್ಕಿತು. ಬರೆದವಳು ಧನುಶ್ರೀ ಬಿ. ಅದರ ಮೂರನೇ ಅಧ್ಯಾಯದಲ್ಲಿ ಇದ್ದದ್ದು ಒಂದೇ ಮಾತು: ಕ್ಯೂ ಬಿಟ್ಟವರು ಮನೆಗೆ ಹೋಗುವುದಿಲ್ಲ. ಇನ್ನೊಂದು ಪ್ಲಾಟ್‌ಫಾರ್ಮಿಗೆ ಹೋಗಿ ಬೇರೆ ಬಸ್ಸಿಗೆ ನಿಲ್ಲುತ್ತಾರೆ, ಅಲ್ಲೂ ಬೇಸತ್ತು ಮತ್ತೆ ಮೊದಲ ಸಾಲಿಗೇ ಬರುತ್ತಾರೆ. ಅವರನ್ನು ಕಳೆಯಬೇಡಿ, ತಿರುಗಿ ಬರುವವರು ಅಂತ ಬೇರೆಯಾಗಿ ಎಣಿಸಿ. ಹಾಗೆ ಎಣಿಸಿದ್ದ ಕೋಷ್ಟಕವೂ ಜೊತೆಗೇ ಇತ್ತು. ಆ ಹುಡುಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಜನರ ಮುಖ ಗುರುತಿಟ್ಟು ಎಣಿಸಿದ್ದಳು.

ಶಿವರಂಜಿನಿಯ ಥೀಸಿಸ್ ಅಲ್ಲಿಂದ ಓಡತೊಡಗಿತು. ಅವಳು ಧನುಶ್ರೀಗೆ ಖಾನೆ ಮಾಡಿದಳು. ಸಾಫ್ಟ್‌ವೇರಿಗೆ ನಮ್ಮ ಕಡೆಯ ಹೆಸರು ತಿಳಿಯುವುದಿಲ್ಲ. ಕೊನೆಯ ಪದವೇ ಮನೆತನದ ಹೆಸರು ಅಂದುಕೊಂಡು, ಹಿಂದೆ ಬರೆದ ಇನಿಷಿಯಲ್ಲನ್ನು ಹಿಡಿದುಕೊಂಡು ಧನುಶ್ರೀಯನ್ನೇ ಒಂದಕ್ಷರಕ್ಕೆ ಕತ್ತರಿಸಿಬಿಡುತ್ತದೆ. ಅದಕ್ಕೆ ಅವಳು ಆ ಹೆಸರಿನ ಸುತ್ತ ಇನ್ನೊಂದು ಜೊತೆ ಬ್ರ್ಯಾಕೆಟ್ ಹಾಕಿ, ಹೂವನ್ನು ಬಾಳೆಲೆಯಲ್ಲಿ ಕಟ್ಟಿದ ಹಾಗೆ ಭದ್ರ ಮಾಡಿದಳು.

ಆಮೇಲೆ ಕಣ್ಣಿಗೆ ಬಿತ್ತು ಇನ್ನೊಂದು. ಅವಳ ಗೈಡ್ ಪ್ರೊಫೆಸರ್ ಮಧುಸೂದನ್ ಅವರ, ಅವಳು ಅಲ್ಲಿಯವರೆಗೆ ಓದದಿದ್ದ ಒಂದು ಹಳೇ ಲೇಖನದಲ್ಲಿ ಅದೇ ಮಾತು, ಅದೇ ಕೋಷ್ಟಕ. ಧನುಶ್ರೀ ಪ್ರಬಂಧ ಕೊಟ್ಟ ಮರುವರ್ಷ ಬಂದದ್ದು. ಧನುಶ್ರೀಯ ಹೆಸರು ಹಿಂದೆ ಮುಂದೆ ಎಲ್ಲೂ ಇಲ್ಲ. ಶಿವರಂಜಿನಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಮಧುಸೂದನ್ ಸಾರ್ ಅವಳಿಗೆ ಕೆಟ್ಟವರಲ್ಲ. ಹೆರಿಗೆಯಾದಾಗ ಮೀಟಿಂಗುಗಳನ್ನು ಮುಂದೂಡಿದ್ದರು, ಹಾಸಿಗೆ ಹಿಡಿದಿದ್ದ ಅಪ್ಪನನ್ನು ನೋಡಲು ಚಾಮರಾಜಪೇಟೆಗೆ ಬಂದಿದ್ದರು. ಅವಳು ಯಾರಿಗೂ ಏನೂ ಹೇಳಲಿಲ್ಲ. ಅವರ ಲೇಖನದ ಖಾನೆಯ ಮೂಲೆಯಲ್ಲಿ ಮಾತ್ರ ಬರೆದಿಟ್ಟಳು: "ಇದು ಧನುಶ್ರೀ ಮೂರನೇ ಅಧ್ಯಾಯ. ಹೆಸರು ಕೆರೆದು ಮಾರಿದಾರೆ. ಇವತ್ತು ಊಟ ಸೇರಲಿಲ್ಲ."

ಥೀಸಿಸ್‌ನಲ್ಲಿ ಆ ವಿಚಾರ ಬಂದ ಕಡೆಯಲ್ಲೆಲ್ಲ ಧನುಶ್ರೀಯ ಅಡ್ಡಹೆಸರು ಹಾಕಿದಳು. ಗೈಡ್ ಅವರ ಲೇಖನವನ್ನೂ ಬೇರೆ ಕಡೆ, ಬೇರೆ ವಿಷಯಕ್ಕೆ ಗೌರವದಿಂದಲೇ ಉಲ್ಲೇಖಿಸಿದಳು. ಹಾಗೇ ಮುಗಿದು ಹೋಗುತ್ತಿತ್ತೋ ಏನೋ. ಯೂನಿವರ್ಸಿಟಿಯವರು ಆ ವರ್ಷ ಆಕರಪಟ್ಟಿಗೆ ಹೊಸ ನಮೂನೆ ತಂದರು. ಎಲ್ಲರೂ ಅದನ್ನೇ ಹಾಕಬೇಕು ಅಂತ ಇಮೇಲ್ ಬಂತು. ಬಿಂದುವಿಗೆ ನೆಗಡಿ, ಕಾಲೇಜಲ್ಲಿ ಇಂಟರ್ನಲ್ಸ್, ಆ ಗಡಿಬಿಡಿಯಲ್ಲಿ ಶಿವರಂಜಿನಿ ಹೊಸ ನಮೂನೆ ಜೋಡಿಸಿ, ಕಂಪೈಲ್ ಮಾಡಿ, ಕೊನೆಯ ಪುಟಗಳನ್ನು ನೋಡದೆ ಗೈಡ್‌ಗೆ ಕಳಿಸಿಬಿಟ್ಟಳು. ಆ ನಮೂನೆ ಟಿಪ್ಪಣಿಯ ಮೂಲೆಯನ್ನೂ ಅಚ್ಚು ಹಾಕುವಂಥದ್ದು.

ಎರಡು ದಿನ ಬಿಟ್ಟು ಮಧುಸೂದನ್ ಕರೆದರು. ಮೇಜಿನ ಮೇಲೆ ಥೀಸಿಸ್‌ನ ಪ್ರಿಂಟು, ಕೊನೆಯ ಪುಟಗಳು ತೆರೆದಿದ್ದವು.

"ಬಾಮ್ಮ ಶಿವರಂಜಿನಿ, ಕೂತ್ಕೋ. ದೋಸೆ ಹಿಟ್ಟು ಹುಳಿ ಬಂದಿದೆ ಅಂತಲ್ಲ, ಏನ್ ಮಾಡ್ದೆ ಆಮೇಲೆ?"

ಅವಳಿಗೆ ತಿಳಿಯಲಿಲ್ಲ. ಅವರು ಪುಟವನ್ನು ಅವಳ ಕಡೆ ತಿರುಗಿಸಿದರು. ಪ್ರತಿ ಆಕರದ ಕೆಳಗೂ ಇಂಗ್ಲಿಷ್ ಅಕ್ಷರದ ಕನ್ನಡ ಅಚ್ಚುಕಟ್ಟಾಗಿ ಅಚ್ಚಾಗಿತ್ತು. ಬಿಂದುವಿನ ಜಾರುಬಂಡೆ, ಅತ್ತೆಯ ಮಂಡಿನೋವು, ಗಂಡ ಮರೆತ ಮದುವೆ ದಿನ.

"ಅಯ್ಯೋ ಸಾರ್, ಅದು..."

"ಪರವಾಗಿಲ್ಲ, ಚೆನ್ನಾಗ್ ಬರೀತೀಯ. ನಮ್ಮನೆಯವಳಿಗೂ ಓದಿ ಹೇಳ್ದೆ, ನಕ್ಕಳು." ಅವರು ಇನ್ನೊಂದು ಪುಟ ತಿರುವಿದರು. "ಇದನ್ನ ಓದಿ ಹೇಳ್ಲಿಲ್ಲ."

ಅದು ಅವರ ಲೇಖನದ ಖಾನೆ. ಶಿವರಂಜಿನಿ ತಲೆ ತಗ್ಗಿಸಲು ಹೋದವಳು ಅದೇಕೋ ತಗ್ಗಿಸಲಿಲ್ಲ.

"ಟಿಪ್ಪಣಿ ಅಚ್ಚಾಗಿದ್ದು ತಪ್ಪು ಸಾರ್, ತೆಗೀತೀನಿ. ಬರೆದಿದ್ದು ತಪ್ಪಲ್ಲ."

"ಆ ಹುಡುಗಿ ನನ್ನ ಸ್ಟೂಡೆಂಟು. ವಿಷಯ ಕೊಟ್ಟೋನು ನಾನು, ತಿದ್ದಿದ್ದು ನಾನು. ಎಂಎಸ್ಸಿ ಪ್ರಾಜೆಕ್ಟಿಗೆಲ್ಲ ಯಾರು ರೆಫರೆನ್ಸ್ ಕೊಡ್ತಾರೆ? ಎಕ್ಸಾಮಿನರ್ ನಗ್ತಾರೆ. ಆ ಎಂಟ್ರಿ ಡಿಲೀಟ್ ಮಾಡು, ಅಲ್ಲೆಲ್ಲ ನನ್ನ ಪೇಪರ್ ಹಾಕು. ಹೇಗಿದ್ರೂ ಅದೇ ವಿಷಯ."

"ನಾನು ಓದಿದ್ದು ಅವಳಲ್ಲಿ ಸಾರ್. ವಿಷಯ ನಿಮ್ಮದೇ ಇರಬಹುದು, ನನಗೆ ಗೊತ್ತಿಲ್ಲ. ನಾನು ಎಲ್ಲಿಂದ ತಂದೆ ಅನ್ನೋದು ಮಾತ್ರ ನನಗೆ ಗೊತ್ತು."

ಮಧುಸೂದನ್ ಕನ್ನಡಕ ತೆಗೆದಿಟ್ಟರು. "ಇದು ನಿನ್ನ ಕೊನೇ ಎಕ್ಸ್‌ಟೆನ್ಷನ್. ಈ ಟರ್ಮ್ ಸಬ್ಮಿಟ್ ಆಗ್ಲಿಲ್ಲ ಅಂದ್ರೆ ರಿಜಿಸ್ಟ್ರೇಷನ್ನೇ ಹೋಗುತ್ತೆ. ನಿನ್ನ ಕಾಲೇಜಲ್ಲಿ ಪಿಎಚ್‌ಡಿ ಇಲ್ಲದೋರನ್ನ ಪರ್ಮನೆಂಟ್ ಮಾಡಲ್ಲ. ಸಹಿ ನಂದೇ ಬೇಕು. ಯೋಚ್ನೆ ಮಾಡು, ಮಗು ತಾಯಿ ನೀನು."

ಮಗುವಿನ ಹೆಸರು ಎತ್ತಿದ್ದಕ್ಕೇ ಅವಳಿಗೆ ಸಿಟ್ಟು ಬಂದದ್ದು. ಬಸ್ಸಿನಲ್ಲಿ ಕೂತಮೇಲೂ ಆ ಸಿಟ್ಟು ಇಳಿಯಲಿಲ್ಲ.

ಮನೆಯಲ್ಲಿ ಮಹಾನಂದ ಅವರೆಕಾಯಿ ಸುಲಿಯುತ್ತಿದ್ದರು. ಬಿಂದು ಸುಲಿದ ಕಾಳನ್ನು ಮತ್ತೆ ಸಿಪ್ಪೆಯೊಳಗೆ ತುಂಬುತ್ತಿದ್ದಳು. ಸೊಸೆ ಎಲ್ಲ ಹೇಳಿದಳು.

"ಹಾಕ್ಬಿಡೇ ಅವರ ಹೆಸರನ್ನ. ಯಾರು ಓದ್ತಾರೆ ಕೊನೇ ಪುಟ? ಮದುವೆ ಕಾರ್ಡಲ್ಲಿ ಸುಖಾಗಮನ ಬಯಸುವವರು ಅಂತ ಇರಲ್ವಾ, ಹಾಗೆ" ಅಂದರು ಮಹಾನಂದ.

"ಆ ಕಾರ್ಡಲ್ಲಿ ನಿಮ್ಮ ಹೆಸರು ಬಿಟ್ಟುಹೋಗಿತ್ತು ಅಂತ ನಿಮ್ಮ ತವರಿಗೆ ನೀವು ಎಷ್ಟು ವರ್ಷ ಹೋಗಿಲ್ಲ ಅತ್ತೆ?"

ಮಹಾನಂದರ ಕೈ ನಿಂತಿತು. ತಮ್ಮನ ಮಗಳ ಮದುವೆ ಕಾರ್ಡಿನ ಮಾತು ಅದು. ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. "ನಾಲಗೆ ಉದ್ದ ಆಯ್ತು ನಿಂದು" ಅಂದು ಮತ್ತೆ ಸುಲಿಯತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಕೇಳಿದರು: "ಆ ಹುಡುಗಿ ಎಲ್ಲಿದಾಳಂತೆ ಈಗ?"

ಹುಡುಕುವುದೇನೂ ಕಷ್ಟವಾಗಲಿಲ್ಲ. ವಿಭಾಗದ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ನಂಬರ್ ಸಿಕ್ಕಿತು. ಧನುಶ್ರೀ ಉಪ್ಪಾರಪೇಟೆಯ ಒಂದು ಲಾಡ್ಜಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದಳು. ಶನಿವಾರ ಕ್ಲಾಸು ಮುಗಿಸಿ ಶಿವರಂಜಿನಿ ಅಲ್ಲಿಗೇ ಹೋದಳು. ರಿಸೆಪ್ಷನ್ನಿನ ಹಿಂದೆ ಕೂತಿದ್ದ ದುಂಡು ಮುಖದ ಹೆಂಗಸು ಒಬ್ಬ ಗಿರಾಕಿಗೆ ಆಧಾರ್ ಜೆರಾಕ್ಸ್ ಇಲ್ಲದೆ ರೂಮಿಲ್ಲ ಅಂತ ಖಡಾಖಂಡಿತವಾಗಿ ಹೇಳಿ, ಇವಳ ಕಡೆ ತಿರುಗಿದಳು.

"ಫೋನ್ ಮಾಡಿದ ಮೇಡಂ ನೀವೇನಾ? ಬನ್ನಿ, ಟೀ ಕುಡೀರಿ. ನನ್ನ ಪ್ರಾಜೆಕ್ಟ್ ಓದಿದೋರು ಹೇಗಿರ್ತಾರೆ ಅಂತ ನೋಡ್ಬೇಕಿತ್ತು."

ಶಿವರಂಜಿನಿ ನಡೆದದ್ದನ್ನು ಹೇಳಿದಳು. ಧನುಶ್ರೀ ಟೀ ಆರಿಸಿಕೊಳ್ಳುತ್ತ ಕೇಳಿದಳು, ಮುಖದಲ್ಲಿ ಏನೂ ಏರಿಳಿತವಿಲ್ಲ.

"ನಾನು ಅವ್ರತ್ರಾನೇ ಪಿಎಚ್‌ಡಿಗೆ ಸೇರ್ಬೇಕು ಅಂತಿದ್ದೆ. ಪೇಪರ್ ಬಂತು. ಸಾರ್, ನನ್ನ ಹೆಸರು ಅಂದೆ. ಎಂಎಸ್ಸಿ ಹುಡುಗರ ಹೆಸರೆಲ್ಲ ಹಾಕಲ್ಲಮ್ಮ ಅಂದ್ರು. ಸರಿ ಅಂತ ಎದ್ದು ಬಂದೆ. ನಮ್ಮಪ್ಪ ಬೈರಯ್ಯ ಈ ಲಾಡ್ಜಲ್ಲೇ ಮ್ಯಾನೇಜರ್ ಆಗಿದ್ರು, ಇಲ್ಲಿ ಸೇರಿಸಿದ್ರು. ಈಗ ಇದೇ ಚೆನ್ನಾಗಿದೆ. ಹಾಕ್ಬೇಡಿ ಮೇಡಂ ನನ್ನ ಹೆಸರು. ಹಾಕಿದ್ರೆ ನನಗೇನೂ ಸಿಗಲ್ಲ, ಹಾಕ್ದಿದ್ರೆ ನಿಮಗೆ ಡಿಗ್ರಿ ಸಿಗುತ್ತೆ. ನಾನಾಗಿದ್ರೆ ಹಾಕ್ತಿರ್ಲಿಲ್ಲ."

"ಸುಳ್ಳು ಹೇಳ್ಬೇಡಿ. ಹಾಕ್ತಿದ್ರಿ."

ಧನುಶ್ರೀ ನಕ್ಕಳು. ಆಮೇಲೆ ಕೇಳಿದಳು, "ಆ ಕೋಷ್ಟಕ ನೋಡಿದ್ರಾ? ಕೆಂಪು ಛತ್ರಿ ಅಜ್ಜ ಅಂತ ಒಂದು ಅಡಿಟಿಪ್ಪಣಿ ಇದೆ."

"ಇದೆ. ಮೂರು ಸಾಲಲ್ಲೂ ಸಿಕ್ಕಿದ ಅಜ್ಜ. ಅವನಿಂದಾನೇ ನಿಮಗೆ ಹೊಳೆದಿದ್ದು ಅಂತ ಬರೆದಿದೀರ."

"ಅವನು ಯಾವ ಸಾಲಿಗೆ ಹೋದ್ರೂ ನನ್ನನ್ನೇ ಟೈಮ್ ಕೇಳ್ತಿದ್ದ" ಅಂದಳು ಧನುಶ್ರೀ. "ಸಾರ್ ಪೇಪರಲ್ಲಿ ಅಜ್ಜ ಇಲ್ಲ. ಮಿಕ್ಕಿದ್ದೆಲ್ಲ ಇದೆ." ಅವಳು ಗಿರಾಕಿಯ ಕಡೆ ತಿರುಗಿ, "ಏನ್ರೀ, ಜೆರಾಕ್ಸ್ ಆಯ್ತಾ?" ಅಂತ ಗದರಿದಳು.

ಮರುದಿನ ಭಾನುವಾರ. ಬಿಂದು ಅಪ್ಪನ ಜೊತೆ ಮಕ್ಕಳ ಕೂಟಕ್ಕೆ ಹೋದಮೇಲೆ ಶಿವರಂಜಿನಿ ಲ್ಯಾಪ್‌ಟಾಪ್ ತೆರೆದು ಕೂತಳು. ಟಿಪ್ಪಣಿ ಅಚ್ಚಾಗದ ಹಾಗೆ ನಮೂನೆಯನ್ನು ಸರಿಪಡಿಸಿದಳು. ಆಮೇಲೆ ಧನುಶ್ರೀಯ ಖಾನೆಗೆ ಬಂದಳು. ಡಿಲೀಟ್ ಮಾಡು ಅಂದಿದ್ದಾರೆ, ಮಾಡಿಯೇ ನೋಡೋಣ ಅನ್ನಿಸಿತು. ಪೂರ್ತಿ ಅಳಿಸಲು ಮಾತ್ರ ಬೆರಳು ಬರಲಿಲ್ಲ. ಪ್ರತಿ ಖಾನೆಯ ತಲೆಯ ಮೇಲೆ ಒಂದು ಅಟ್ ಚಿಹ್ನೆ ಇರುತ್ತದೆ, ಇಮೇಲ್ ವಿಳಾಸದ ನಡುವೆ ಇರುವಂಥದ್ದು. ಅದೊಂದನ್ನು ತೆಗೆದರೆ ಸಾಕು, ಸಾಫ್ಟ್‌ವೇರಿನ ಕಣ್ಣಿಗೆ ಆ ಖಾನೆ ಕಾಣುವುದಿಲ್ಲ. ಇದ್ದಲ್ಲೇ ಇರುತ್ತದೆ, ಆದರೆ ಇಲ್ಲ. ಅವಳು ಅದನ್ನು ತೆಗೆದು ಕಂಪೈಲ್ ಮಾಡಿದಳು.

ಪಟ್ಟಿಯಿಂದ ಧನುಶ್ರೀ ಹೋದಳು. ಹೋದವಳ ಜಾಗದಲ್ಲಿ, ಥೀಸಿಸ್ ಒಳಗೆ ಅವಳನ್ನು ನೆನೆದ ಕಡೆಯಲ್ಲೆಲ್ಲ, ದಪ್ಪ ಅಕ್ಷರದ ಪ್ರಶ್ನೆಚಿಹ್ನೆ ಬಂದು ನಿಂತಿತು. ಪೀಠಿಕೆಯಲ್ಲಿ ಒಂದು, ಎರಡನೇ ಅಧ್ಯಾಯದಲ್ಲಿ ಸಾಲಾಗಿ, ಮುಖ್ಯ ಪ್ರಮೇಯದ ನೆತ್ತಿಯ ಮೇಲೆ ಒಂದು, ಕೊನೆಯ ಮಾತಿನಲ್ಲೂ ಒಂದು. ಇಷ್ಟೊಂದು ಕಡೆ ಅವಳ ಮೇಲೆ ಒರಗಿದ್ದೇನೆ ಅಂತ ಶಿವರಂಜಿನಿಗೇ ಗೊತ್ತಿರಲಿಲ್ಲ.

ಆ ಪ್ರತಿಯನ್ನೇ ಗೈಡ್‌ಗೆ ಕಳಿಸಿದಳು. ಅರ್ಧ ಗಂಟೆಯಲ್ಲಿ ಫೋನ್ ಬಂತು.

"ಏನಮ್ಮ ಇದು, ಎಲ್ಲ ಕಡೆ ಪ್ರಶ್ನೆಚಿಹ್ನೆ!"

"ಎಂಟ್ರಿ ತೆಗಿ ಅಂದ್ರಿ, ತೆಗ್ದೆ ಸಾರ್."

"ಅವೆಲ್ಲ ಅಳಿಸ್ಬೇಕಲ್ಲ? ಇಲ್ಲ ನನ್ನ ಪೇಪರ್ ನಂಬರ್ ಹಾಕು."

"ಅಳಿಸಿದ್ರೆ ಅದು ನನ್ನ ಸ್ವಂತ ಯೋಚನೆ ಅಂತಾಗುತ್ತೆ. ನಿಮ್ಮದು ಹಾಕಿದ್ರೆ ನಿಮ್ಮಲ್ಲಿ ಓದಿದೆ ಅಂತಾಗುತ್ತೆ. ಎರಡೂ ನಿಜ ಅಲ್ಲ ಸಾರ್. ಅದಕ್ಕೇ ಬಿಟ್ಟಿದೀನಿ."

"ಸೆಮಿನಾರ್ ಬುಧವಾರ ಇದೆ. ನೆಟ್ಟಗೆ ಮಾಡ್ಕೊಂಡು ಬಾ" ಅಂದು ಅವರು ಫೋನಿಟ್ಟರು.

ಥೀಸಿಸ್ ಸಲ್ಲಿಸುವ ಮುಂಚೆ ಯೂನಿವರ್ಸಿಟಿಯ ಸಮಿತಿಯ ಮುಂದೆ ಒಂದು ಸೆಮಿನಾರ್ ಕೊಡಬೇಕು. ಆ ಬುಧವಾರ ಬಿಂದುವಿನ ಪ್ಲೇಸ್ಕೂಲಿಗೆ ರಜೆ. ಮಹಾನಂದ ಬೆಳಗಿನ ಲಿಂಗಪೂಜೆ ಮುಗಿಸಿ, ವಿಭೂತಿ ಹಣೆಯಲ್ಲೇ, ಮಡಿಕೆಯ ಗೆರೆ ಹೋಗದ ಇಳಕಲ್ ಸೀರೆಯುಟ್ಟು, ಮೊಮ್ಮಗಳನ್ನು ಎತ್ತಿಕೊಂಡು ಹೊರಟೇ ನಿಂತರು. "ನಾನು ಹೊರಗಡೆ ಕೂತಿರ್ತೀನಿ. ನೀನು ಒಳಗಡೆ ಜಗಳ ಆಡು."

"ಜಗಳ ಆಡಲ್ಲ ಅತ್ತೆ."

"ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ ನಂಗೆ."

ಸಮಿತಿಯ ಅಧ್ಯಕ್ಷರು ಬೇರೆ ಯೂನಿವರ್ಸಿಟಿಯಿಂದ ಬಂದ ವಿಶ್ವಾರಾಧ್ಯ ಎಂಬ ಹಿರಿಯ ಪ್ರಾಧ್ಯಾಪಕರು. ಅರೆಗಣ್ಣಿನಲ್ಲಿ ಕೇಳುವ ಮನುಷ್ಯ. ಮಧುಸೂದನ್ ಅವರ ಪಕ್ಕದಲ್ಲೇ ಕೂತಿದ್ದರು. ಹಿಂದೆ ಒಂದಷ್ಟು ಸಂಶೋಧನಾ ವಿದ್ಯಾರ್ಥಿಗಳು. ಶಿವರಂಜಿನಿ ಥೀಸಿಸ್ಸನ್ನೇ ಪರದೆಯ ಮೇಲೆ ಬಿಟ್ಟು ಮಾತು ಶುರು ಮಾಡಿದಳು. ಮೊದಲ ಪ್ರಶ್ನೆಚಿಹ್ನೆ ಬಂತು. ಎರಡು, ಮೂರು. ಹಿಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ. ಮುಖ್ಯ ಪ್ರಮೇಯದ ಹತ್ತಿರ ವಿಶ್ವಾರಾಧ್ಯ ಕಣ್ಣು ತೆರೆದರು.

"ಏನಮ್ಮ, ಪೂರ್ತಿ ಕಂಪೈಲ್ ಮಾಡಿಲ್ವಾ? ಇನ್ನೆರಡು ಸಲ ರನ್ ಮಾಡ್ಬೇಕು. ನಮ್ಮ ಹುಡುಗರೂ ಹಿಂಗೇ ಮಾಡ್ತಾರೆ."

"ಮಾಡಿದೀನಿ ಸಾರ್. ಎಷ್ಟು ಸಲ ಮಾಡಿದ್ರೂ ಹೀಗೇ ಬರುತ್ತೆ."

"ಯಾಕೆ? ಎಂಟ್ರಿ ಇಲ್ವಾ?"

"ಇದೆ ಸಾರ್. ಅಲ್ಲಿರೋ ಹೆಸರನ್ನ ತೆಗೀಬೇಕು ಅಂತ ನನಗೆ ಹೇಳಿದಾರೆ. ಪಟ್ಟಿಯಿಂದ ತೆಗೆದಿದೀನಿ. ಆದ್ರೆ ಈ ಯೋಚನೆ ಅಲ್ಲಿಂದ ಬಂತು ಅನ್ನೋದನ್ನ ನನ್ನ ಕೈಲಿ ತೆಗೆಯೋಕೆ ಆಗ್ಲಿಲ್ಲ."

ಮಧುಸೂದನ್ ನಗುತ್ತ, "ಅದೊಂದು ಎಂಎಸ್ಸಿ ಪ್ರಾಜೆಕ್ಟ್ ಸಾರ್, ಅಚ್ಚೂ ಆಗಿಲ್ಲ. ನನ್ನ ಪೇಪರಲ್ಲಿ ಎಲ್ಲ ಇದೆ. ಇವಳಿಗೆ ಹೇಳಿ ಸಾಕಾಯ್ತು" ಅಂದರು.

"ಕೆಂಪು ಛತ್ರಿ ಅಜ್ಜ ಇಲ್ಲ ಸಾರ್" ಅಂದಳು ಶಿವರಂಜಿನಿ. ಬಾಯಿಂದ ಬಂದೇಬಿಟ್ಟಿತು.

"ಯಾರು?" ಅಂದರು ವಿಶ್ವಾರಾಧ್ಯ.

ಅವಳು ಬ್ಯಾಗಿನಿಂದ ಲೈಬ್ರರಿಯ ನೀಲಿ ರಟ್ಟಿನ ಪ್ರಬಂಧ ತೆಗೆದು ಅವರ ಮುಂದಿಟ್ಟು, ಮೂರನೇ ಅಧ್ಯಾಯ ಬಿಡಿಸಿಕೊಟ್ಟಳು. ವಿಶ್ವಾರಾಧ್ಯ ಓದಿದರು, ಅವಸರವಿಲ್ಲದೆ. ಅಜ್ಜನ ಅಡಿಟಿಪ್ಪಣಿಗೆ ಬಂದಾಗ ಮೀಸೆಯಲ್ಲಿ ನಕ್ಕರು. ಓದಿ ಮುಗಿಸಿ ಮಧುಸೂದನ್ ಕಡೆ ನೋಡಲಿಲ್ಲ, ಅವಳ ಕಡೆ ನೋಡಿದರು.

"ನೀವು ಓದಿದ್ದು ಇದನ್ನೇನಾ?"

"ಇದನ್ನೇ."

"ಹಾಗಾದ್ರೆ ಹಾಕಿ. ಇದರಲ್ಲಿ ಸಮಿತಿ ಹೇಳೋದು ಏನೂ ಇಲ್ಲ."

"ಹಾಕಿದ್ರೆ ನಾನು ಸಹಿ ಹಾಕಲ್ಲ" ಅಂದರು ಮಧುಸೂದನ್. ಈಗ ನಗು ಇರಲಿಲ್ಲ. "ಬೇರೆ ಗೈಡ್ ನೋಡ್ಕೊಳ್ಳಲಿ. ಎಕ್ಸ್‌ಟೆನ್ಷನ್ ಸಿಗುತ್ತಾ, ಅದನ್ನೂ ನೋಡ್ಕೊಳ್ಳಲಿ."

"ಅದು ನಿಮ್ಮಿಷ್ಟ" ಅಂದರು ವಿಶ್ವಾರಾಧ್ಯ. ಆಮೇಲೆ ಅವಳಿಗೆ, "ಗೈಡ್ ಬದಲಾವಣೆಗೆ ಅರ್ಜಿ ಕೊಡಬಹುದು. ಎಕ್ಸ್‌ಟೆನ್ಷನ್ ನನ್ನ ಕೈಲಿಲ್ಲ, ಭರವಸೆ ಕೊಡಲ್ಲ. ತಿಳ್ಕೊಂಡು ಮಾಡಿ."

ಕಾಲೇಜು, ಪರ್ಮನೆಂಟ್ ಕೆಲಸ, ಅಷ್ಟು ವರ್ಷ ಅತ್ತೆಯ ಕಂಕುಳಲ್ಲಿ ಬೆಳೆದ ಮಗು, ಎಲ್ಲವೂ ಶಿವರಂಜಿನಿಯ ಕಣ್ಣ ಮುಂದೆ ಹಾದುಹೋದವು. ಬಾಗಿಲಾಚೆಯಿಂದ ಬಿಂದು "ಅಮ್ಮಾ, ಆಯ್ತಾ?" ಅಂತ ಕೂಗಿದಳು, ಮಹಾನಂದ "ಶ್, ಇನ್ನೂ ಇಲ್ಲ" ಅಂದದ್ದೂ ಕೇಳಿಸಿತು.

"ಆಯ್ತು ಸಾರ್" ಅಂದಳು ಶಿವರಂಜಿನಿ.

ಲ್ಯಾಪ್‌ಟಾಪಿಗೆ ಬಗ್ಗಿ, ಎಲ್ಲರೂ ನೋಡುತ್ತಿರುವಂತೆಯೇ ಆಕರಗಳ ಫೈಲು ತೆರೆದಳು. ಆ ಫೈಲು ಪರದೆಯ ಮೇಲೂ ಬರುತ್ತದೆ ಅಂತ ಹೊಳೆಯುವ ಹೊತ್ತಿಗೆ ತಡವಾಗಿತ್ತು. ಗೋಡೆಯಷ್ಟು ದೊಡ್ಡ ಅಕ್ಷರದಲ್ಲಿ ಧನುಶ್ರೀಯ ಖಾನೆ, ಅದರ ಮೂಲೆಯಲ್ಲಿ ಅವಳ ಡೈರಿ: "ಬಿಂದುನ ತೊಡೆ ಮೇಲೆ ಮಲಗಿಸ್ಕೊಂಡು ಲೈಬ್ರರಿಲಿ ಓದಿದ್ದು. ಕಾಲು ಜೋಮು ಹಿಡಿದಿದೆ, ಏಳೋಕೆ ಮನಸ್ಸಿಲ್ಲ. ಎರಡು ವರ್ಷದಿಂದ ಹುಡುಕ್ತಿದ್ದದ್ದು ಸಿಕ್ತು. ಈ ಹುಡುಗಿ ಎಲ್ಲಿದಾಳೋ, ಚೆನ್ನಾಗಿರ್ಲಿ."

ಹಿಂದಿನ ಸಾಲಿನವರು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುವ ಪಿಸುಗುಟ್ಟು ಕೇಳಿಸಿತು. ಈ ಸಲ ಯಾರೂ ಕಿಸಕ್ಕೆನ್ನಲಿಲ್ಲ. ಅವಳು ಫೈಲು ಮುಚ್ಚಲಿಲ್ಲ. ಓದಲಿ ಅನ್ನಿಸಿತು. ಖಾನೆಯ ತಲೆಯ ಮೇಲೆ ಅಟ್ ಚಿಹ್ನೆಯನ್ನು ವಾಪಸ್ ಹಾಕಿದಳು. ಕಂಪೈಲ್ ಮಾಡಿದಳು. ಆಕರಗಳನ್ನು ಎತ್ತಿಕೊಳ್ಳುವ ಆಜ್ಞೆ ಕೊಟ್ಟಳು. ಮತ್ತೆ ಕಂಪೈಲ್.

"ಇನ್ನೊಂದು ಸಲ" ಅಂದರು ವಿಶ್ವಾರಾಧ್ಯ ಅಭ್ಯಾಸಬಲದಿಂದ.

ಇನ್ನೊಂದು ಸಲ ಮಾಡಿದಳು. ಪ್ರಶ್ನೆಚಿಹ್ನೆಗಳು ಹೋಗಿ ಎಲ್ಲ ಕಡೆ ನಂಬರ್ ಬಿತ್ತು. ಮಧುಸೂದನ್ ಕುರ್ಚಿ ಸರಿಸಿ ಎದ್ದು ಹೊರಗೆ ನಡೆದರು. ಅವಳು ಬಿಟ್ಟಲ್ಲಿಂದ ಪ್ರಮೇಯವನ್ನು ಮುಂದುವರಿಸಿದಳು.

ಹೊರಗೆ ಬಂದಾಗ ಬಿಂದು ಅಜ್ಜಿಯ ಇಳಕಲ್ ಸೆರಗನ್ನು ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದಳು. ಮಹಾನಂದ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅವರು ಬುಸುಗುಟ್ಟಿಕೊಂಡು ಹೋದ್ರು. ಡಿಗ್ರಿ ಹೋಯ್ತಾ?"

"ಗೊತ್ತಿಲ್ಲ ಅತ್ತೆ. ಹೊಸ ಗೈಡ್ ಹುಡುಕ್ಬೇಕು. ಸಿಕ್ಕಿದ್ರೂ ಇನ್ನೂ ಒಂದು ವರ್ಷ ಆಗ್ಬಹುದು."

"ಆಗ್ಲಿ. ಮಗು ಏನು ನನಗೆ ಭಾರಾನಾ?" ಅಂದು ಮಹಾನಂದ ಬಿಂದುವನ್ನು ಇನ್ನೊಂದು ಭುಜಕ್ಕೆ ವರ್ಗಾಯಿಸಿಕೊಂಡರು. "ಹೆಸರು?"

"ಇದೆ."

ಕಾರಿಡಾರಿನ ಬೆಂಚಿನ ಮೇಲೆ ಕೂತು ಅವಳು ಗೈಡ್ ಬದಲಾವಣೆಯ ಅರ್ಜಿ ಬರೆಯಲು ಶುರು ಮಾಡಿದಳು. ಅದಕ್ಕೂ ಮುಂಚೆ ಆಕರಪಟ್ಟಿಯ ಪುಟದ ಫೋಟೋ ತೆಗೆದು ಧನುಶ್ರೀಗೆ ಕಳಿಸಿದಳು. ಬಸ್ ಸ್ಟಾಪಿನಲ್ಲಿ ಮೂವರೂ ಸಾಲಿನಲ್ಲಿ ನಿಂತಿದ್ದಾಗ ಫೋನೇ ಬಂತು.

"ಹಾಕ್ಬೇಡಿ ಅಂದಿದ್ದೆ ನಾನು" ಅಂದಳು ಧನುಶ್ರೀ. ಅವಳ ಹಿಂದೆ ಲಾಡ್ಜಿನ ಫೋನು ರಿಂಗಾಗುತ್ತಿತ್ತು, ಅವಳು ಎತ್ತುವ ಹಾಗೆ ಕಾಣಲಿಲ್ಲ.

"ನೀವು ಹೇಳಿದ್ದು ಕೇಳಿಸ್ತು. ಕೇಳ್ಲಿಲ್ಲ."

"ಫೋಟೋ ಮಸುಕಾಗಿದೆ ಅಕ್ಕ. ನಾನು ಎಷ್ಟನೇ ನಂಬರ್ರು?"

"ಹನ್ನೊಂದು."

"ಸಾರ್ ಪೇಪರ್ರು?"

"ನಿನ್ನೆಯವರೆಗೆ ಇಪ್ಪತ್ತಿತ್ತು. ನೀನು ಬಂದೆಯಲ್ಲ, ಒಂದು ಕೆಳಗೆ ಸರಿದಿದಾರೆ."

ಧನುಶ್ರೀ ನಕ್ಕ ಸದ್ದು ಎಷ್ಟು ಜೋರಾಗಿತ್ತೆಂದರೆ ಅಜ್ಜಿಯ ಭುಜದ ಮೇಲೆ ಮಲಗಿದ್ದ ಬಿಂದುವಿಗೆ ಎಚ್ಚರವಾಯಿತು.